ಪ್ರವಾಸಿಯ ಋಣ

ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಕುಶಾಲನಗರದ ಬಯಲಿಗೆ ಇಳಿಯುವ ಮುನ್ನ ದುಬಾರೆಯ ಕಾಡಿನ ಅಂಚನ್ನು ಬಳಸಿಕೊಂಡು ಹರಿಯುತ್ತದೆ. ಕುಶಾಲನಗರದಿಂದ ಗುಡ್ಡೆಹೊಸೂರಿನ ಮಾರ್ಗವಾಗಿ ಸುಮಾರು 15 ಕಿಲೋಮೀಟರು ಸಾಗಿದರೆ, ನಂಜರಾಯಪಟ್ಟಣದ ಸಮೀಪದಲ್ಲಿ ರಸ್ತೆ ನದಿಯ ದಡಕ್ಕೆ ಬಂದು ನಿಂತುಬಿಡುತ್ತದೆ. ಆಚೆಯ ದಡದಲ್ಲಿ ಮೀಸಲು ಅರಣ್ಯ. ಅದರ ಅಂಚಿನಲ್ಲಿ ಅರಣ್ಯ ಇಲಾಖೆಯ ಸಾಕಾನೆಗಳ ಶಿಬಿರ. ಆನೆಗಳ ಜೊತೆಯಲ್ಲಿಯೇ ಬಾಳುತ್ತ ಬಂದ ಗಿರಿಜನರ ಹಾಡಿ. ಮಳೆಗಾಲದಲ್ಲಿ ಹೊಳೆ ತುಂಬಿ ಕೆಂಪಾಗಿ ಹರಿಯುವಾಗ ದೋಣಿಯ ಸಂಚಾರ ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಇಳಿದು ಬಂಡೆಗಳು ತಲೆಯೆತ್ತಿದಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವುದೂ ಉಂಟು.

ದಸರೆಯ ರಜೆ ಬಂದಿತೆಂದರೆ, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರ ಬಂದಿತೆಂದರೆ, ಈ ದಡದ ಸ್ವರೂಪವೇ ಬದಲಾಗುತ್ತದೆ. ಬೆಂಗಳೂರು, ಮೈಸೂರು, ಕೇರಳಗಳಿಂದ ಬಂದ ವಾಹನಗಳು ಸಾಲುಗಟ್ಟುತ್ತವೆ. ದೋಣಿಗಾಗಿ ಜನ ಗಂಟೆಗಟ್ಟಲೆ ಕಾಯುತ್ತಾರೆ. ಮಾವುತನು ಆನೆಯನ್ನು ಹೊಳೆಯಲ್ಲಿ ಮಲಗಿಸಿ ಮೈಯುಜ್ಜುವುದನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಹಿರಿಯರು ಛಾಯಾಚಿತ್ರ ತೆಗೆಯುತ್ತಾರೆ. ಎರಡು ಮೂರು ಗಂಟೆಗಳ ತರುವಾಯ ಎಲ್ಲರೂ ಬಂದ ದಾರಿಯಲ್ಲಿಯೇ ಮರಳುತ್ತಾರೆ. ಹೀಗೆ ಬಂದು ಹೋದ ಜನಸಾಗರವು ಆ ದಡದಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಪ್ರವಾಸಿಯ ಜೇಬಿನಿಂದ ಹೊರಟ ಹಣದ ಬೆನ್ನು ಹತ್ತಿ ನೋಡಿದರೆ ಉತ್ತರ ಸಿಕ್ಕೀತು. ಬೆಂಗಳೂರಿನ ಒಂದು ಕುಟುಂಬ ಮೂರು ದಿನಗಳ ಮಟ್ಟಿಗೆ ಕೊಡಗಿಗೆ ಬರುತ್ತದೆಯೆನ್ನೋಣ. ವಾಹನಕ್ಕೆ ಬೇಕಾದ ಇಂಧನವನ್ನು ಊರಿನಲ್ಲಿಯೇ ತುಂಬಿಸಿದ್ದಾಗಿದೆ. ಉಳಿಯುವ ಕೋಣೆಯನ್ನು ಫೋನಿನ ಮೂಲಕ ಗೊತ್ತುಮಾಡಿದ್ದಾಗಿದೆ; ಬಾಡಿಗೆಯಲ್ಲಿ ಒಂದು ಪಾಲು ಎಲ್ಲಿಯೋ ದೂರದ ನಗರದಲ್ಲಿರುವ ಮಧ್ಯವರ್ತಿ ಕಂಪೆನಿಗೆ ಸಲ್ಲುತ್ತದೆ. ತಿಂಡಿಯ ಪೊಟ್ಟಣಗಳು, ನೀರಿನ ಬಾಟಲಿಗಳು ಊರಿನಿಂದಲೇ ಬಂದಿವೆ. ನೆನಪಿಗೆಂದು ಮಗುವಿಗೆ ಕೊಡಿಸಿದ ಪ್ಲಾಸ್ಟಿಕ್ ಆನೆ ಕೂಡ ದುಬಾರೆಯದಲ್ಲ. ಅದು ಯಾವುದೋ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಅಚ್ಚಾದ ಆನೆಗಳಲ್ಲಿ ಒಂದು. ಇಷ್ಟೆಲ್ಲ ವೆಚ್ಚವಾದ ಮೇಲೆ ಆ ದಡದಲ್ಲಿ ನಿಜವಾಗಿ ಉಳಿಯುವುದು ದೋಣಿಯ ಕೂಲಿ, ಸುಟ್ಟ ಜೋಳದ ಒಂದು ತೆನೆಯ ಬೆಲೆ, ಬೇಯಿಸಿದ ಕಡಲೆಕಾಯಿಯ ನಾಲ್ಕು ಕಾಸು. ಕೊಡಗಿನ ಬೆಟ್ಟಗಳ ಮೇಲೆ ಧಾರಾಕಾರವಾಗಿ ಸುರಿದ ಮಳೆ ಹೊಳೆಯಾಗಿ ಕೆಳಗಿನ ಬಯಲುಗಳಿಗೆ ಹರಿದುಹೋಗಿ, ಬೇಸಗೆಯಲ್ಲಿ ಬೆಟ್ಟದ ಮೇಲಿನವರೇ ನೀರಿಗೆ ಪರದಾಡುವುದುಂಟಷ್ಟೆ; ಪ್ರವಾಸದ ಹಣದ ಗತಿಯೂ ಹಾಗೆಯೇ.

ಹಿಂದಿನವರು ಪ್ರವಾಸವೆಂಬ ಮಾತನ್ನು ಅಷ್ಟಾಗಿ ಬಳಸುತ್ತಿರಲಿಲ್ಲ; ಅವರು ಜಾತ್ರೆಗೆ ಹೋಗುತ್ತಿದ್ದರು. ಜಾತ್ರೆಯಲ್ಲಿ ದೇವರ ದರ್ಶನ ಎಷ್ಟು ಮುಖ್ಯವೋ ಕೊಳ್ಳುವುದೂ ಅಷ್ಟೇ ಮುಖ್ಯವಾಗಿತ್ತು. ಬಳೆಗಾರ, ಕುಂಬಾರ, ಬೆಂಡುಬತ್ತಾಸು ಮಾರುವವ, ಕಂಬಳಿ ನೇಯುವವ, ಎತ್ತಿನ ಕೊರಳ ಗಂಟೆ ಮಾಡುವವ ಇವರೆಲ್ಲ ಆ ಸುತ್ತಿನ ಹತ್ತು ಹಳ್ಳಿಗಳವರೇ. ವರ್ಷದ ಸಂಪಾದನೆಯ ದೊಡ್ಡ ಪಾಲನ್ನು ಅವರು ಆ ಎಂಟು ಹತ್ತು ದಿನಗಳಲ್ಲಿ ಗಳಿಸುತ್ತಿದ್ದರು. ಜಾತ್ರೆಯಿಂದ ಬರಿಗೈಯಲ್ಲಿ ಮರಳಿದವನನ್ನು ಮನೆಯ ಮಕ್ಕಳು ಕ್ಷಮಿಸುತ್ತಿರಲಿಲ್ಲ. ಕಂಡ ಊರಿಗೂ ಕೊಂಡ ವಸ್ತುವಿಗೂ ನಂಟಿದ್ದ ಕಾಲ ಅದು. ಇಂದಿನ ರಜೆಯ ಪ್ರವಾಸದಲ್ಲಿ ನೋಡುವುದು ಉಳಿದಿದೆ, ಆ ನಂಟು ಕಡಿದಿದೆ.

ದುಬಾರೆಯಲ್ಲಿ ಆ ನಂಟನ್ನು ಮರಳಿ ಕಟ್ಟಬೇಕಾದರೆ ಅಲ್ಲಿಯ ಜನ ಯಾರು, ಅವರ ಕೈಕಸುಬು ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಶಿಬಿರದ ಮಾವುತರಲ್ಲಿಯೂ ಅವರ ಸಹಾಯಕರಾದ ಕಾವಾಡಿಗಳಲ್ಲಿಯೂ ಬಹುಮಂದಿ ಜೇನುಕುರುಬರು. ಕಾಡಾನೆಯನ್ನು ಪಳಗಿಸಿ ಆಜ್ಞೆಗೆ ಒಳಪಡಿಸುವ ವಿದ್ಯೆ ಅವರಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದಿದೆ. ಒಂದು ಕಾಲದಲ್ಲಿ ಈ ಆನೆಗಳು ಕಾಡಿನಲ್ಲಿ ಕಡಿದ ಮರದ ದಿಮ್ಮಿಗಳನ್ನು ಎಳೆಯುತ್ತಿದ್ದವು. ಆ ಕೆಲಸ ನಿಂತುಹೋದ ಮೇಲೆ, ಕಾಫಿಯ ತೋಟಗಳಿಗೆ ನುಗ್ಗಿ ಹಾವಳಿ ಮಾಡುವ ಕಾಡಾನೆಗಳನ್ನು ಹಿಡಿಯುವುದಕ್ಕೂ, ಹಾಗೆ ಹಿಡಿದವುಗಳನ್ನು ದಪ್ಪ ದಿಮ್ಮಿಗಳ ಕ್ರಾಲಿನಲ್ಲಿ ಕೂಡಿ ಪಳಗಿಸುವುದಕ್ಕೂ ಇವೇ ನೆರವಾಗುತ್ತವೆ. ಮೈಸೂರಿನ ಜಂಬೂಸವಾರಿಗೆ ಆನೆಗಳನ್ನು ಕಳುಹಿಸುವ ಶಿಬಿರಗಳಲ್ಲಿ ದುಬಾರೆಯೂ ಒಂದು. ದಸರೆಗೆ ಸುಮಾರು ಎರಡು ತಿಂಗಳು ಮುಂಚಿತವಾಗಿಯೇ ಆನೆಗಳು ಮೈಸೂರಿಗೆ ತೆರಳುತ್ತವೆ. ಮಾವುತರೂ ಕಾವಾಡಿಗಳೂ ಹೆಂಡಿರು ಮಕ್ಕಳೊಡನೆ ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಮಕ್ಕಳ ಓದು ನಿಲ್ಲದಿರಲೆಂದು ಅಲ್ಲಿಯೇ ತಾತ್ಕಾಲಿಕವಾದ ಶಾಲೆಯೊಂದು ನಡೆಯುವುದುಂಟು. ನಗರದ ಮಕ್ಕಳು ದಸರೆಯ ರಜೆಗೆಂದು ದುಬಾರೆಗೆ ಬರುವ ಹೊತ್ತಿಗೆ ದುಬಾರೆಯ ಎಷ್ಟೋ ಮಕ್ಕಳು ನಗರದ ಹಬ್ಬಕ್ಕಾಗಿ ಊರು ಬಿಟ್ಟು ಹೋಗಿರುತ್ತಾರೆ! ಜಂಬೂಸವಾರಿಯ ಆನೆಯ ಹೆಸರು ನಾಡಿಗೆಲ್ಲ ಗೊತ್ತು. ಅದರ ಕೊರಳ ಮೇಲೆ ಕುಳಿತವನ ಹೆಸರನ್ನು ಕೇಳಿ ತಿಳಿದವರು ಬಹಳ ಮಂದಿ ಇರಲಾರರು.

ಜೇನುಕುರುಬರ ಹೆಸರಿನಲ್ಲಿಯೇ ಜೇನು ಇದೆ. ಮುಗಿಲು ಮುಟ್ಟುವ ಮರಗಳಲ್ಲಿ ಕಟ್ಟಿದ ಹೆಜ್ಜೇನಿನ ಹುಟ್ಟುಗಳಿಂದ ರಾತ್ರಿಯ ಹೊತ್ತಿನಲ್ಲಿ ಹೊಗೆಯಿಕ್ಕಿ ಜೇನು ಇಳಿಸುವುದು ಅವರ ಪೂರ್ವಜರ ವೃತ್ತಿ. ಕಾಡಿನ ಕಿರು ಉತ್ಪನ್ನಗಳಿಗೆ ನ್ಯಾಯವಾದ ಬೆಲೆ ದೊರೆಯಲೆಂದು ಗಿರಿಜನರ ಸಹಕಾರ ಸಂಘಗಳು ಏರ್ಪಟ್ಟಿವೆ. ಲ್ಯಾಂಪ್ಸ್ ಎಂದು ಜನ ಕರೆಯುವ ಇಂತಹ ಸಂಘಗಳು ಕೊಡಗಿನ ಬಸವನಹಳ್ಳಿ, ತಿತಿಮತಿ ಮೊದಲಾದ ಕಡೆಗಳಲ್ಲಿವೆ. ಇನ್ನು ಪೆಟ್ಟಿಗೆಯಲ್ಲಿ ತುಡುವೆ ಜೇನನ್ನು ಸಾಕುವ ಕಸುಬು ಕೊಡಗಿನ ರೈತರ ಮನೆಮನೆಗಳಲ್ಲಿ ಹಬ್ಬಿದ್ದಿತು. 1936ರಷ್ಟು ಹಿಂದೆಯೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತೆಂದರೆ ಆ ಕಸುಬಿನ ಹಿರಿಮೆಯನ್ನು ಊಹಿಸಬಹುದು. ಕೊಡಗಿನ ಜೇನೆಂದರೆ ನಾಡಿನಲ್ಲೆಲ್ಲ ಕಣ್ಣು ಮುಚ್ಚಿ ಕೊಳ್ಳುತ್ತಿದ್ದ ಕಾಲವೊಂದಿತ್ತು.

ಅನಂತರ ಬಂದುದು ಕೇಡಿನ ಕಾಲ. 1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಜೇನಿನ ಮೇಲೆ ಎರಗಿತು. ರೋಗ ತಗುಲಿದ ಮರಿಹುಳುಗಳು ಕೋಶದೊಳಗೆ ನೀರು ತುಂಬಿದ ಚೀಲಗಳಂತೆ ಸತ್ತುಬಿದ್ದವು. ಕುಟುಂಬಗಳು ನಾಶವಾಗಿ ಪೆಟ್ಟಿಗೆಗಳು ಬರಿದಾದವು. ಪೆಟ್ಟಿಗೆ ಬರಿದಾಯಿತು, ಹೆಸರು ಮಾತ್ರ ಉಳಿಯಿತು! ಈ ಹೆಸರೇ ವ್ಯಾಪಾರದ ಬಂಡವಾಳವಾದುದು ಮುಂದಿನ ಕಥೆ. ಇಂದು ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಕೊಡಗಿನ ಹೆಸರು ಹೊತ್ತು ಸಾಲಾಗಿ ನಿಂತಿರುವ ಶೀಶೆಗಳೆಲ್ಲವೂ ಕೊಡಗಿನ ಹೂವಿನ ಮಕರಂದವೆಂದು ನಂಬುವವನು ಭೋಳೆಯೇ ಸರಿ. ಹೊರಗಿನಿಂದ ತಂದ ಜೇನಿಗೂ, ಹೊರಗಿನ ಕಿತ್ತಳೆಗೂ, ಹೊರಗಿನ ಮೆಣಸಿಗೂ ಕೊಡಗಿನ ಚೀಟಿ ಅಂಟಿಸುವ ವ್ಯಾಪಾರದಿಂದ ಮೋಸ ಹೋಗುವವರು ಇಬ್ಬರು. ಪ್ರವಾಸಿ ಒಂದು ಸಲ ಮೋಸ ಹೋಗುತ್ತಾನೆ. ಪೆಟ್ಟಿಗೆಯನ್ನು ಮತ್ತೆ ತುಂಬಿಸಲು ಹೆಣಗುತ್ತಿರುವ ರೈತನಾದರೋ ಪ್ರತಿಯೊಂದು ಶೀಶೆ ಮಾರಾಟವಾದಾಗಲೂ ಮೋಸ ಹೋಗುತ್ತಾನೆ.

ಹಾಗಾದರೆ ನಿಜವಾದುದನ್ನು ಗುರುತಿಸುವ ಬಗೆ ಹೇಗೆ? ಋತುವನ್ನು ಕೇಳುವುದು ಅತ್ಯಂತ ಸುಲಭವಾದ ಉಪಾಯ. ಕಾಫಿಯ ಗಿಡ ಮಾರ್ಚಿಯ ಆಸುಪಾಸಿನಲ್ಲಿ ಮಳೆ ಬಿದ್ದ ಮೇಲೆ ಹೂ ಬಿಡುತ್ತದೆ. ಜೇನು ಕೈಗೆ ಬರುವುದು ಅದರ ತರುವಾಯ, ಬೇಸಗೆಯ ಕೊನೆಯ ಹೊತ್ತಿಗೆ. ಕಾಫಿಯ ಹಣ್ಣಿನ ಕೊಯ್ಲು ನಡೆಯುವುದು ಚಳಿಗಾಲದಲ್ಲಿ. ಮೆಣಸು ಅದರ ಬೆನ್ನಿಗೇ ಬರುತ್ತದೆ. ಆದುದರಿಂದ ಮೇ ತಿಂಗಳಲ್ಲಿ ಬಂದವನು ಹೊಸ ಜೇನನ್ನೂ, ಡಿಸೆಂಬರಿನಲ್ಲಿ ಬಂದವನು ಕಿತ್ತಳೆಯನ್ನೂ ವಿಚಾರಿಸುವುದು ಜಾಣತನ. ಎಲ್ಲ ಕಾಲದಲ್ಲಿಯೂ ಎಲ್ಲವೂ ತಾಜಾ ಎನ್ನುವ ಅಂಗಡಿಯ ಮಾತನ್ನು ಎರಡು ಸಲ ಯೋಚಿಸಿ ನಂಬಬೇಕು.

ಕಾಫಿಯ ವಿಚಾರದಲ್ಲಿ ಇನ್ನೂ ಒಂದು ಮಾತಿದೆ. ದೇಶದ ಒಟ್ಟು ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಡಗೆಂಬ ಈ ಚಿಕ್ಕ ಜಿಲ್ಲೆಯಲ್ಲಿ ಬೆಳೆಯುತ್ತದೆ. ಆದರೂ ಬಹುಕಾಲದವರೆಗೆ, 1942ರ ಕಾಫಿ ಕಾಯಿದೆಯ ವ್ಯವಸ್ಥೆಯಲ್ಲಿ, ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಸಾಮಾನ್ಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿದ್ದಿತು. ತನ್ನ ಮನೆಯ ಬಾಗಿಲಿಗೆ ಬಂದ ಅತಿಥಿಗೆ ತನ್ನ ತೋಟದ ಹೆಸರಿನಲ್ಲಿ ಪುಡಿ ಮಾರುವ ಅವಕಾಶ ಅವನಿಗೆ ಇರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡಿತು. 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತು ದೊರೆಯಿತು. ಕೊಡಗಿನ ಕಿತ್ತಳೆಗೆ ಆ ಮಾನ್ಯತೆ ಅದಕ್ಕೂ ಮೊದಲೇ ಸಂದಿದ್ದಿತು. ಈಗ ಸಣ್ಣ ಬೆಳೆಗಾರನೂ ತನ್ನ ಬೀಜವನ್ನು ಹುರಿದು ಪುಡಿಮಾಡಿ ಮಾರಬಲ್ಲನು. ಕೊಳ್ಳುವವನು ಮಾಡಬೇಕಾದುದಿಷ್ಟೆ: ಪೊಟ್ಟಣದ ಹಿಂಬದಿಯನ್ನು ತಿರುಗಿಸಿ ಓದುವುದು. ಅದರಲ್ಲಿ ಚಿಕೋರಿ ಎಷ್ಟಿದೆಯೆಂಬುದನ್ನು ನಮೂದಿಸಲೇಬೇಕೆಂದು ಕಾನೂನು ಹೇಳುತ್ತದೆ. ನೂರರಲ್ಲಿ 49 ಭಾಗದವರೆಗೆ ಚಿಕೋರಿ ಬೆರೆಸಿದ ಮಿಶ್ರಣವನ್ನು ಮಾರುವುದಕ್ಕೆ ಅವಕಾಶವುಂಟು. ಚಿಕೋರಿ ಬೆರೆಸಿದ ಕಾಫಿಯನ್ನು ಇಷ್ಟಪಡುವವರು ಧಾರಾಳವಾಗಿ ಕುಡಿಯಲಿ. ಅರ್ಧ ಬೇರೆ ನಾಡಿನ ಬೇರನ್ನು ಕೊಂಡು ಕೊಡಗಿನ ಬೆಳೆಗಾರನಿಗೆ ಉಪಕಾರ ಮಾಡಿದೆನೆಂದು ಮಾತ್ರ ಭಾವಿಸಬಾರದು.

ದುಬಾರೆಯಲ್ಲಿ ಎಲ್ಲವೂ ದುಬಾರಿ ಎಂದು ನಕ್ಕು ಹೇಳುವ ಪ್ರವಾಸಿಗರುಂಟು. ಹಾಸ್ಯವೇನೋ ಚೆನ್ನಾಗಿದೆ, ಅದರೊಳಗಿನ ದೂರು ಪೂರ್ತಿ ಸುಳ್ಳೂ ಅಲ್ಲ. ರಜೆಯ ನಾಲ್ಕು ದಿನಗಳಲ್ಲಿ ಬಾಡಿಗೆ ಇಮ್ಮಡಿಯಾಗುತ್ತದೆ, ಎಳನೀರಿನ ಬೆಲೆ ಏರುತ್ತದೆ. ಬಂದವನು ಮತ್ತೆ ಬರುವವನಲ್ಲ, ಸಿಕ್ಕಿದಷ್ಟು ಸುಲಿದುಕೊಳ್ಳೋಣವೆಂಬ ಬುದ್ಧಿ ಕೆಲವರಲ್ಲಿ ಇಲ್ಲವೆಂದಿಲ್ಲ. ಅಂತಹವರನ್ನು ಸ್ಥಳೀಯರೆಂಬ ಒಂದೇ ಕಾರಣಕ್ಕೆ ಬೆಂಬಲಿಸಬೇಕೆಂಬ ವಾದ ನ್ಯಾಯವಾದುದಲ್ಲ. ಊರಿನ ಕಸುಬಿಗೆ ಬೆಲೆ ಕೊಡುವುದೆಂದರೆ ಭಿಕ್ಷೆ ನೀಡಿದಂತೆಯೂ ಅಲ್ಲ, ಸುಲಿಗೆಗೆ ಒಪ್ಪಿದಂತೆಯೂ ಅಲ್ಲ. ಆದರೆ ದೊಡ್ಡ ಹೋಟೆಲಿನ ಬಿಲ್ಲನ್ನು ತುಟಿಪಿಟಕ್ಕೆನ್ನದೆ ತೆತ್ತು ಬಂದವನು ದಡದಲ್ಲಿ ಕಡಲೆಕಾಯಿ ಮಾರುವ ಮುದುಕಿಯ ಮುಂದೆ ಐದು ರೂಪಾಯಿಗಾಗಿ ಚೌಕಾಸಿ ಮಾಡಿ ಗೆದ್ದೆನೆಂದು ಬೀಗುವ ದೃಶ್ಯ ಮಾತ್ರ ನೋಡಲು ಚೆನ್ನಾಗಿರುವುದಿಲ್ಲ. ಆಕೆಯ ವ್ಯಾಪಾರಕ್ಕೆ ವರ್ಷವೆಲ್ಲ ಸುಗ್ಗಿಯಿಲ್ಲ. ಹೊಳೆ ಏರಿದ ದಿನಗಳಲ್ಲಿ ಅದಕ್ಕೆ ಗಿರಾಕಿಯೂ ಇಲ್ಲ.

ಈ ವಿಚಾರ ಹೊಸದೇನಲ್ಲ. 1916ರಲ್ಲಿ ಮದರಾಸಿನಲ್ಲಿ ಮಾಡಿದ ಭಾಷಣವೊಂದರಲ್ಲಿ ಗಾಂಧೀಜಿಯವರು ಸ್ವದೇಶಿಯ ಅರ್ಥವನ್ನು ವಿವರಿಸುತ್ತ, ದೂರದುದನ್ನು ಬಿಟ್ಟು ಹತ್ತಿರದ ನೆರೆಹೊರೆಯನ್ನು ಬಳಸುವ ಮತ್ತು ಸೇವಿಸುವ ಮನೋಧರ್ಮವೇ ಅದು ಎಂಬ ಅಭಿಪ್ರಾಯವನ್ನು ಮಂಡಿಸಿದ್ದರು. ಜಪಾನ್ ದೇಶದ ಓಯಿತ ಪ್ರಾಂತ್ಯದಲ್ಲಿ ರಾಜ್ಯಪಾಲ ಹಿರಮತ್ಸು ಅವರು 1979ರಲ್ಲಿ ‘ಒಂದು ಹಳ್ಳಿ, ಒಂದು ಉತ್ಪನ್ನ’ ಎಂಬ ಚಳವಳಿಯನ್ನು ಆರಂಭಿಸಿದರು. ಯುವಕರು ಊರು ಬಿಟ್ಟು ನಗರಗಳಿಗೆ ಹೋಗಿ ಹಳ್ಳಿಗಳು ಬರಿದಾಗುತ್ತಿದ್ದ ಕಾಲ ಅದು. ಪ್ರತಿಯೊಂದು ಹಳ್ಳಿಯೂ ತನ್ನದೇ ಎನ್ನಬಹುದಾದ ಒಂದು ವಸ್ತುವನ್ನು ಆರಿಸಿಕೊಂಡು ಅದನ್ನು ಹೆಸರುವಾಸಿಯಾಗುವಂತೆ ತಯಾರಿಸಬೇಕೆಂಬುದು ಅದರ ಉದ್ದೇಶ. ಅದೇ ಹಾದಿಯಲ್ಲಿ ಭಾರತ ಸರ್ಕಾರವೂ ಜಿಲ್ಲೆಗೊಂದು ಉತ್ಪನ್ನವನ್ನು ಗೊತ್ತುಮಾಡಿದೆ. ಕೊಡಗಿನ ಪಾಲಿಗೆ ಬಂದುದು ಕಾಫಿ.

ಹೆಸರುವಾಸಿಯಾದ ವಸ್ತು ಇರುವ ಊರಿಗೂ, ಬರಿಯ ನೋಟವನ್ನೇ ನಂಬಿದ ಊರಿಗೂ ಇರುವ ವ್ಯತ್ಯಾಸ ಕಷ್ಟಕಾಲದಲ್ಲಿ ತಿಳಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಮೇಲೆ ಎಂದೂ ಕಾಣದಂತಹ ಮಳೆ ಸುರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳೇ ಜರಿದು ಮನೆ ತೋಟಗಳನ್ನು ನುಂಗಿದವು, ಜೀವಹಾನಿಯಾಯಿತು, ಮಂಗಳೂರಿನ ಹೆದ್ದಾರಿ ಕಡಿದುಹೋಯಿತು. ಪ್ರವಾಸಿಗರು ಬರಬಾರದೆಂದು ಕೆಲಕಾಲ ನಿರ್ಬಂಧಿಸಬೇಕಾಯಿತು. ಮರುವರ್ಷದ ಆಗಸ್ಟಿನಲ್ಲಿ ಪುನಃ ಪ್ರವಾಹ. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ದಿಗ್ಬಂಧನ. ಒಂದರ ಬೆನ್ನಿಗೆ ಒಂದರಂತೆ ಬಂದ ಈ ವಿಪತ್ತುಗಳಲ್ಲಿ ದೋಣಿ ನಿಂತಿತು, ಜೋಳ ಸುಡುವ ಒಲೆ ಆರಿತು, ಕೋಣೆಗಳಿಗೆ ಬೀಗ ಬಿದ್ದಿತು. ಆನೆಯ ಸ್ನಾನವನ್ನು ಅಂಚೆಯಲ್ಲಿ ಕಳುಹಿಸಿಕೊಡಲು ಬರುವುದಿಲ್ಲವಷ್ಟೆ! ಕಾಫಿಯ ಪುಡಿಯನ್ನಾದರೋ ಕಳುಹಿಸಬಹುದು. ಜೇನನ್ನೂ ಏಲಕ್ಕಿಯನ್ನೂ ಕಳುಹಿಸಬಹುದು. ರಜೆಯಲ್ಲಿ ಒಮ್ಮೆ ಬಂದು ತೋಟದ ಒಡೆಯನ ಹೆಸರು, ವಿಳಾಸಗಳನ್ನು ಬರೆದುಕೊಂಡು ಹೋಗಿ, ಆಮೇಲೆ ವರ್ಷಕ್ಕೆರಡು ಬಾರಿ ತರಿಸಿಕೊಳ್ಳುವ ಒಂದು ಮನೆ, ಬಂದು ಮರೆತುಹೋಗುವ ಹತ್ತು ಮನೆಗಳಿಗಿಂತ ಆ ಊರಿಗೆ ಹೆಚ್ಚಿನ ಆಸರೆ. ಪ್ರವಾಸಕ್ಕೆ ಆಶ್ರಯ ಕೊಟ್ಟ ನೆಲದ ಋಣ ತೀರುವುದಾದರೆ ಇಂತಹ ದಾರಿಯಲ್ಲಿಯೇ ತೀರಬೇಕು.

ಕೊಳ್ಳುವುದರ ಮಾತಾಯಿತು; ಬಿಟ್ಟುಹೋಗುವುದರ ಮಾತೂ ಉಂಟು. ಹೊಳೆಯ ಬಂಡೆಗಳ ನಡುವೆ ಸಿಕ್ಕಿಕೊಂಡ ಬಾಟಲಿಗಳನ್ನೂ ತಿಂಡಿಯ ಖಾಲಿ ಪೊಟ್ಟಣಗಳನ್ನೂ ಆಯ್ದು ತೆಗೆಯುವ ಕೂಲಿ ಆ ಊರಿನ ಪಂಚಾಯಿತಿಯ ಮೇಲೆ ಬೀಳುತ್ತದೆ. ನೂರು ರೂಪಾಯಿ ಕೊಟ್ಟು ಇನ್ನೂರರ ಕಸ ಬಿಟ್ಟುಹೋದವನಿಂದ ಊರಿಗೆ ಲಾಭವೇನು? ಹಾಗೆಯೇ ಊರಿನವರಿಗೂ ಹಬ್ಬಗಳಿವೆಯೆಂಬುದನ್ನು ಅತಿಥಿಗಳು ಮರೆಯುತ್ತಾರೆ. ನವೆಂಬರಿನ ಕೊನೆಗೋ ಡಿಸೆಂಬರಿನಲ್ಲಿಯೋ ಹುತ್ತರಿ ಬರುತ್ತದೆ. ಹುಣ್ಣಿಮೆಯ ರಾತ್ರಿಯಲ್ಲಿ ಗದ್ದೆಗೆ ಹೋಗಿ ಕದಿರು ಕೊಯ್ದು, ಬಂದೂಕು ಹಾರಿಸಿ, ಹೊಸ ಬೆಳೆಯನ್ನು ಮನೆತುಂಬಿಸಿಕೊಳ್ಳುವ ಹಬ್ಬ ಅದು. ಆ ದಿನ ಊಟ ತಡವಾಯಿತೆಂದೋ ಅಂಗಡಿ ಮುಚ್ಚಿತ್ತೆಂದೋ ಮುಖ ಸಿಂಡರಿಸುವವನು, ತನ್ನ ರಜೆಗಾಗಿ ಇನ್ನೊಬ್ಬನ ರಜೆಯನ್ನು ಕಸಿದುಕೊಳ್ಳಲು ಬಂದವನಂತೆ ಕಾಣುತ್ತಾನೆ.

ಡಿಸೆಂಬರ್ ತಿಂಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ದುಬಾರೆಯ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ ಬರುತ್ತವೆ. ಮನೆಯಲ್ಲಿ ಕೊಟ್ಟ ಐವತ್ತೋ ನೂರೋ ರೂಪಾಯಿಗಳನ್ನು ಎದೆಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡ ವಿದ್ಯಾರ್ಥಿಗಳು ಅದರಿಂದ ಏನು ಕೊಳ್ಳುವುದೆಂದು ದಡದುದ್ದಕ್ಕೂ ಲೆಕ್ಕ ಹಾಕುತ್ತಿರುತ್ತಾರೆ. ಹಿಂದಿರುಗಿದ ಮೇಲೆ ಬರೆಯಬೇಕಾದ ಪ್ರವಾಸ ಪ್ರಬಂಧಕ್ಕಾಗಿ ಆನೆಯ ಎತ್ತರ, ತೂಕ, ಅದು ತಿನ್ನುವ ರಾಗಿಮುದ್ದೆ ಇವನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಅದೇ ಪುಟದಲ್ಲಿ ಮಾವುತನ ಹೆಸರಿಗೂ, ಜೇನು ಮಾರುವ ಸಂಘದ ವಿಳಾಸಕ್ಕೂ ಎರಡು ಸಾಲು ಸ್ಥಳವುಂಟು. ಬರೆದುಕೊಂಡ ವಿಳಾಸಕ್ಕೆ ಮೇ ತಿಂಗಳಲ್ಲಿ ಒಂದು ಕಾರ್ಡು ಹಾಕಿ ನೋಡಿದರೆ, ಆ ವರ್ಷದ ಜೇನು ಬಂದಿದೆಯೆಂಬ ಉತ್ತರ ಬಂದೀತು. ಮಾರ್ಚಿಯ ಮಳೆ ಕೈಕೊಟ್ಟು ಹೂವು ಕೆಟ್ಟಿದ್ದರೆ, ಈ ಸಲ ಜೇನಿಲ್ಲ, ಮುಂದಿನ ವರ್ಷ ನೋಡೋಣ ಎಂಬ ಉತ್ತರವೂ ಬರಬಹುದು.